‘ಕೊಡೋಕಾಗಲ್ಲ’ ಬೇರೆ, ‘ಕೊಡಲ್ಲ’ ಬೇರೆ

(ತೂಬಗೆರೆಯಲ್ಲಿ ಸುತ್ತಲ ಹಳ್ಳಿಗಳ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳ ಬರಹ ರೂಪ)



ಬೆಳಗಿನ ಹಾಲನ್ನು ಡೈರಿಗೆ ಹಾಕಿ, ಮನೆಯವರಿಗೆಲ್ಲ ಮುದ್ದೆ ಮಾಡಿಟ್ಟು ಬಂದಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಿಗೆ ಮತ್ತೆ ಮನೆಯಲ್ಲಿರಬೇಕು. ಅದಕ್ಕೇ ಸುತ್ತಿ ಬಳಸಿ ಮಾತಾಡುವುದಿಲ್ಲ. ನಾನೂ ನಿಮ್ಮ ಹಾಗೇ ಒಂದು ಸಂಘದವಳು. ಹದಿನೈದು ವರ್ಷದಿಂದ ಅದರ ನಡಾವಳಿ ಪುಸ್ತಕ ಬರೆಯುತ್ತಿದ್ದೇನೆ. ಆ ಪುಸ್ತಕದಲ್ಲಿರುವ ಒಂದು ಸಾಲಿನಿಂದಲೇ ಶುರು ಮಾಡುತ್ತೇನೆ.

‘ಹಸು ಕೊಳ್ಳಲು ಸದಸ್ಯೆಗೆ 50,000 ರೂಪಾಯಿ ಸಾಲ ನೀಡಲು ತೀರ್ಮಾನಿಸಲಾಯಿತು.’

ಬರೆದವಳು ನಾನೇ. ಕೆಳಗೆ ಎಲ್ಲರ ಸಹಿ ಇದೆ. ಆ ಹಸು ಇವತ್ತಿನ ತನಕ ಯಾರ ಕೊಟ್ಟಿಗೆಗೂ ಬಂದಿಲ್ಲ. ಆ ದುಡ್ಡು ಅವರ ದೊಡ್ಡ ಮಗಳ ಗಂಡಿನ ಮನೆಗೆ ಹೋಯಿತು. ನಮಗೆಲ್ಲರಿಗೂ ಗೊತ್ತಿತ್ತು. ಎರಡು ವರ್ಷ ಪ್ರತಿ ವಾರ ‘ಹಸು ಸಾಲದ ಕಂತು’ ಎಂದು ಬರೆದೆ. ಪ್ರತಿ ವಾರ ಆ ಅಕ್ಕ ಸೆರಗಿನ ಗಂಟು ಬಿಚ್ಚಿ ಕಂತು ಕಟ್ಟಿದರು. ಅವರ ಮುಖವನ್ನು ನಾವು ಯಾರೂ ನೇರವಾಗಿ ನೋಡಲಿಲ್ಲ.

ವರದಕ್ಷಿಣೆ ಕೊಡಬಾರದು ಎಂಬುದು ಆ ಅಕ್ಕನಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮಗಳು ಹುಟ್ಟಿದಾಗಲೇ ‘ಇವಳಿಗೆ ಒಂದು ಪೈಸೆ ವರದಕ್ಷಿಣೆ ಕೊಡಬಾರದು, ಓದಿಸಬೇಕು’ ಅಂದುಕೊಂಡಿದ್ದರಂತೆ. ಮನಸ್ಸು ಗಟ್ಟಿಯಾಗಿಯೇ ಇತ್ತು. ಎಲ್ಲಿ ಜಾರಿತು ಎಂದು ಆಮೇಲೆ ನಾನು ಅವರನ್ನೇ ಕೂರಿಸಿಕೊಂಡು ಕೇಳಿದೆ. ಮಾತುಕತೆಯ ದಿನ ಯಾರು ಏನಂದರು, ನೀವು ಏನಂದಿರಿ, ಒಂದೊಂದೇ ಮಾತು ನೆನಪು ಮಾಡಿಕೊಂಡು ಹೇಳಿ ಅಂದೆ.

ಗಂಡಿನ ಕಡೆಯವರು ಮೊದಲು ಹೇಳಿದ್ದು: ‘ನಮಗೇನೂ ಬೇಡಮ್ಮ. ನಿಮ್ಮ ಮಗಳಿಗೆ ನೀವು ಏನು ಮಾಡ್ತೀರೋ ಮಾಡಿ.’ ಇದು ನೀವೆಲ್ಲ ಕೇಳಿರುವ ಮಾತೇ. ಕೇಳದೆ ಕೇಳುವ ವಿದ್ಯೆ! ಆಮೇಲೆ ನಡುವಿನ ದಲ್ಲಾಳಿ ಮೆಲ್ಲಗೆ ಲೆಕ್ಕ ತೆಗೆದ. ಹುಡುಗನಿಗೆ ಗಾಡಿ, ಕೊರಳಿಗೆ ಚೈನು, ಛತ್ರದ ಖರ್ಚು. ಆಗ ಅಕ್ಕ ಹೇಳಿದ್ದು: ‘ಅಷ್ಟೊಂದು ನಮ್ಮ ಕೈಲಿ ಆಗಲ್ಲಣ್ಣ.’

ಜಾರಿದ್ದು ಅಲ್ಲೇ. ‘ಆಗಲ್ಲ’ ಅಂದ ಕೂಡಲೇ ಆ ಕಡೆಯಿಂದ ಬಂದ ಪ್ರಶ್ನೆ: ‘ಎಷ್ಟಾಗುತ್ತೆ ಹೇಳಿ ಮತ್ತೆ?’ ಆ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಗಾಡಿ ಬಿಟ್ಟು ಚೈನು ಉಳಿಯಿತು. ಛತ್ರ ಅರ್ಧಕ್ಕೆ ಬಂತು. ‘ಈಗ ಇಲ್ಲದಿದ್ದರೆ ಆಮೇಲೆ ಕೊಡಿ, ನಿಮಗೆ ಸಂಘ ಇದೆಯಲ್ಲ, ಸಾಲ ಕೊಡ್ತಾರಂತಲ್ಲ’ ಎಂದು ದಾರಿಯನ್ನೂ ಅವರೇ ತೋರಿಸಿದರು. ನಮ್ಮ ಘಾಟಿ ದನದ ಜಾತ್ರೆಯಲ್ಲಿ ಟವಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಹಾಗೆ. ಅಲ್ಲಿಯೂ ಅಷ್ಟೇ. ‘ಅಷ್ಟು ಆಗಲ್ಲ’ ಅಂದವನ ಬೆರಳನ್ನು ಬಿಡುವುದಿಲ್ಲ. ‘ನನಗೆ ಹೋರಿ ಬೇಡ’ ಅಂದವನ ಬೆರಳನ್ನು ಯಾರೂ ಹಿಡಿಯುವುದಿಲ್ಲ.

‘ಕೊಡೋಕಾಗಲ್ಲ’ ಅಂದರೆ ಕೊಡಲು ಮನಸ್ಸಿದೆ, ಶಕ್ತಿ ಇಲ್ಲ ಎಂದು ಅರ್ಥ. ಶಕ್ತಿ ಇಲ್ಲದವರಿಗೆ ಸಾಲ ಹುಟ್ಟಿಸಬಹುದು, ಗಡುವು ಕೊಡಬಹುದು, ಒಡವೆ ಅಡ ಇಡಿಸಬಹುದು. ‘ಕೊಡಲ್ಲ’ ಅಂದರೆ ಅಲ್ಲಿಗೆ ಮುಗಿಯಿತು. ಬೈಯಬಹುದು, ಎದ್ದು ಹೋಗಬಹುದು, ಆದರೆ ‘ಎಷ್ಟು ಕೊಡಲ್ಲ?’ ಎಂದು ಯಾರೂ ಕೇಳಲು ಬರುವುದಿಲ್ಲ. ನಮ್ಮ ಹಳ್ಳಿ ಮಾತಿನಲ್ಲಿ ಇವೆರಡರ ನಡುವೆ ಇರುವ ಅಂತರ ಎಷ್ಟು ಕಡಿಮೆ ನೋಡಿ. ‘ಕೊಡಾಕಾಗಾಕಿಲ್ಲ’, ‘ಕೊಡಾಕಿಲ್ಲ’. ನಡುವೆ ಒಂದು ‘ಆಗ’ ಸಿಕ್ಕಿಕೊಂಡಿದೆ, ಅಷ್ಟೇ. ಆ ‘ಆಗ’ದ ಬೆಲೆ ಆ ಅಕ್ಕನಿಗೆ 50,000 ರೂಪಾಯಿ ಮತ್ತು ಅದರ ಬಡ್ಡಿ.

‘ಇದೆಲ್ಲ ಮಾತಿನ ಆಟ, ಗಟ್ಟಿಯಾಗಿ ಇಲ್ಲ ಅನ್ನೋದು ನಮಗೆ ಅಭ್ಯಾಸವೇ ಇಲ್ಲ’ ಎಂದು ನೀವು ಹೇಳಬಹುದು. ಅಭ್ಯಾಸ ಇದೆ. ಇಲ್ಲಿ ಸೋಮವಾರವೋ ಶನಿವಾರವೋ ಒಪ್ಪತ್ತು ಮಾಡುವವರು ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧಕ್ಕೆ ಹೆಚ್ಚು. ಒಪ್ಪತ್ತಿನ ದಿನ ನೆಂಟರ ಮನೆಗೆ ಹೋದಾಗ ತಟ್ಟೆ ಇಟ್ಟರೆ ಏನನ್ನುತ್ತೀರಿ? ‘ನಾನು ಸೋಮವಾರ ಉಣ್ಣೋದಿಲ್ಲ’ ಅನ್ನುತ್ತೀರಿ. ‘ಉಣ್ಣೋಕಾಗಲ್ಲ’ ಅನ್ನುವುದಿಲ್ಲ. ‘ಉಣ್ಣೋ ಹಾಗಿಲ್ಲ, ನಮ್ಮನೆಯವರು ಬೈತಾರೆ’ ಎಂದೂ ಅನ್ನುವುದಿಲ್ಲ. ಆಮೇಲೆ ಯಾರಾದರೂ ಒತ್ತಾಯ ಮಾಡುತ್ತಾರೆಯೇ? ತಟ್ಟೆ ಎತ್ತಿಕೊಂಡು ಬಾಳೆಹಣ್ಣು ತಂದಿಡುತ್ತಾರೆ. ಹೊಟ್ಟೆ ಹಸಿದಿದ್ದರೂ ನಿಮಗೆ ಆಸೆ ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಅದು ಮೊದಲೇ ತೀರ್ಮಾನವಾದ ಮಾತು. ದೇವರ ವಿಷಯಕ್ಕೆ ಇಷ್ಟು ಗಟ್ಟಿಯಾಗಿ ಬರುವ ‘ಇಲ್ಲ’, ನಮ್ಮ ಸ್ವಂತ ವಿಷಯಕ್ಕೆ ಬಂದಾಗ ‘ಆಗಲ್ಲ’, ‘ಹಾಗಿಲ್ಲ’, ‘ನೋಡೋಣ’ ಆಗಿಬಿಡುತ್ತದೆ.

ಇದನ್ನು ಅಮೆರಿಕದಲ್ಲಿ ಇಬ್ಬರು ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದಾರೆ. 2012ರಲ್ಲಿ ಅವರ ಲೇಖನ ಅಚ್ಚಾಯಿತು. ಆರೋಗ್ಯಕ್ಕಾಗಿ ಏನಾದರೂ ಗುರಿ ಇಟ್ಟುಕೊಂಡ ಮೂವತ್ತು ಜನ ಹೆಂಗಸರನ್ನು ಮೂರು ಗುಂಪು ಮಾಡಿದರು. ಆಸೆ ಎದುರಾದಾಗ ಒಂದು ಗುಂಪಿನವರು ‘ನಾನು ಹೀಗೆ ಮಾಡೋದಿಲ್ಲ’ ಅಂದುಕೊಳ್ಳಬೇಕು, ಇನ್ನೊಂದು ಗುಂಪು ‘ನಾನು ಹೀಗೆ ಮಾಡೋ ಹಾಗಿಲ್ಲ’ ಅಂದುಕೊಳ್ಳಬೇಕು, ಮೂರನೆಯದಕ್ಕೆ ಬರೀ ‘ಬೇಡ ಅನ್ನಿ’ ಎಂದಷ್ಟೇ ಹೇಳಿದ್ದರು. ಹತ್ತು ದಿನ ಕಳೆದ ಮೇಲೆ ‘ಮಾಡೋದಿಲ್ಲ’ದ ಹತ್ತು ಜನರಲ್ಲಿ ಎಂಟು ಜನ ಗುರಿಗೆ ಅಂಟಿಕೊಂಡಿದ್ದರು. ‘ಹಾಗಿಲ್ಲ’ದ ಗುಂಪಿನಲ್ಲಿ ಉಳಿದದ್ದು ಒಬ್ಬಳೇ. ಮೂರನೆಯದರಲ್ಲಿ ಮೂವರು. ‘ಹಾಗಿಲ್ಲ’ ಅಂದಾಗ ಯಾರೋ ಹೊರಗಿನವರು ತಡೆಯುತ್ತಿದ್ದಾರೆ ಅನಿಸುತ್ತದೆ, ‘ಮಾಡೋದಿಲ್ಲ’ ಅಂದಾಗ ತಡೆಯುವವಳೂ ನಾನೇ ಅನಿಸುತ್ತದೆ ಎಂಬುದು ಅವರ ವಿವರಣೆ.

ಮೂವತ್ತು ಜನ ಎಂದರೆ ನಮ್ಮ ಎರಡು ಸಂಘದಷ್ಟು. ಅದರಿಂದ ಲೋಕಕ್ಕೆಲ್ಲ ನಿಯಮ ಮಾಡಲು ಬರುವುದಿಲ್ಲ. ಅಲ್ಲಿದ್ದದ್ದು ನಾಲಿಗೆ ಚಪಲ, ಸೋಮಾರಿತನದಂಥ ಅಡ್ಡಿಗಳು. ಕೈ ಎತ್ತಿ ನಿಂತ ಗಂಡನ ಎದುರು ಆ ಲೆಕ್ಕ ನಡೆಯುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಇನ್ನೊಂದು ಪದ ನೋಡೋಣ. ‘ಬೇಕು.’

‘ನಾನು ನೀರು ತುಂಬಬೇಕು, ಅಡಿಗೆ ಮಾಡಬೇಕು, ಮಾವನಿಗೆ ಮಾತ್ರೆ ಕೊಡಬೇಕು.’ ಇದು ಒಂದು ಬೇಕು. ‘ನಾನು ಹೊಲಿಗೆ ಕಲಿಯಬೇಕು, ಓದಬೇಕು, ನನ್ನದೇ ಹೆಸರಲ್ಲಿ ಒಂದಿಷ್ಟು ಕೂಡಿಡಬೇಕು.’ ಇದು ಇನ್ನೊಂದು ಬೇಕು. ಮೊದಲನೆಯದು ಮನೆಯ ಬೇಕು, ಎರಡನೆಯದು ನನ್ನ ಬೇಕು. ನಮ್ಮ ಭಾಷೆಯಲ್ಲಿ ಕಡ್ಡಾಯಕ್ಕೂ ಆಸೆಗೂ ಒಂದೇ ಪದ. ಎರಡೂ ಒಂದೇ ದಿನ ಎದುರಾದರೆ ಯಾವುದು ಗೆಲ್ಲುತ್ತದೆ? ಯಾವಾಗಲೂ ಮೊದಲನೆಯದೇ. ಏಕೆಂದರೆ ಅದಕ್ಕೆ ಹೊತ್ತು ಇದೆ. ನೀರು ಬರುವ ಹೊತ್ತಿಗೆ ನೀರು ತುಂಬಬೇಕು. ಹೊಲಿಗೆ ಕಲಿಯುವುದಕ್ಕೆ ಯಾವ ಹೊತ್ತು? ‘ಯಾವಾಗಲಾದರೂ.’ ಯಾವಾಗಲಾದರೂ ಅಂದರೆ ಯಾವಾಗಲೂ ಇಲ್ಲ ಎಂದೇ ಅರ್ಥ.

ನನ್ನದೇ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ಲೆಕ್ಕದಲ್ಲಿ ಫೇಲಾದೆ, ಅದೇ ವರ್ಷ ಮದುವೆ ಮಾಡಿದರು. ‘ಎಸ್ಸೆಸ್ಸೆಲ್ಸಿ ಮುಗಿಸಬೇಕು, ಮುಗಿಸಬೇಕು’ ಎಂದು ಹನ್ನೊಂದು ವರ್ಷ ಹೇಳಿಕೊಂಡು ಬಂದೆ. ಹೇಳಿದಾಗಲೆಲ್ಲ ಒಂದು ಥರ ಸಮಾಧಾನ, ಅರ್ಧ ಓದಿಬಿಟ್ಟ ಹಾಗೆ. ಒಂದು ದಿನ ಸಂಘದ ಸಭೆಯಲ್ಲಿ ಮತ್ತೆ ಅದೇ ರಾಗ ತೆಗೆದಾಗ ವಯಸ್ಸಾದ ಒಬ್ಬ ಸದಸ್ಯೆ, ಓದು ಬಾರದವರು, ‘ಅಲ್ಲ ಕಣಮ್ಮಿ, ಬೇಕು ಬೇಕು ಅಂತೀಯ, ಯಾವತ್ತು ಅಂತ ಹೇಳು, ನಾವೂ ಕೇಳ್ತೀವಿ’ ಅಂದರು. ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಸಿಟ್ಟಿನಲ್ಲೇ ಹೇಳಿದೆ: ‘ಈ ಸಲ ಫೀಸು ಕಟ್ಟುತ್ತೇನೆ. ದಿನಾ ರಾತ್ರಿ ಪಾತ್ರೆ ತೊಳೆದ ಮೇಲೆ ಒಂಬತ್ತರಿಂದ ಹತ್ತು ಓದುತ್ತೇನೆ.’ ಪುಸ್ತಕ ಬರೆಯುವವಳು ನಾನಾದ್ದರಿಂದ ನನ್ನ ಕೈಯಿಂದಲೇ ಅದನ್ನು ಬರೆಸಿದರು. ಆಮೇಲೆ ನೀರಿನ ಹತ್ತಿರ, ಡೈರಿ ಹತ್ತಿರ, ಎಲ್ಲಿ ಸಿಕ್ಕರೂ ‘ನೆನ್ನೆ ಓದಿದ್ಯಾ?’ ಇದೇ ಪ್ರಶ್ನೆ. ಮೊದಲ ಸಲ ಲೆಕ್ಕದಲ್ಲಿ ಮತ್ತೆ ಫೇಲಾದೆ. ಪೂರಕ ಪರೀಕ್ಷೆಯಲ್ಲಿ ಪಾಸಾದೆ. ನಮ್ಮೂರಲ್ಲಿ ನನಗಿಂತ ಹೆಚ್ಚು ಖುಷಿ ಪಟ್ಟವರು ಆ ಅಜ್ಜಿ.

ಆ ಅಜ್ಜಿ ಹೇಳಿದ್ದನ್ನೇ ಪೀಟರ್ ಗೋಲ್‌ವಿಟ್ಸರ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಪ್ರಯೋಗ ಮಾಡಿ ತೋರಿಸುತ್ತಾ ಬಂದಿದ್ದಾರೆ. ‘ಮಾಡಬೇಕು’ ಅನ್ನುವವರಿಗಿಂತ ‘ಇಂಥ ಹೊತ್ತಿಗೆ, ಇಂಥ ಜಾಗದಲ್ಲಿ, ಹೀಗೆ ಮಾಡುತ್ತೇನೆ’ ಎಂದು ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಹೆಚ್ಚು. ಕನ್ನಡದಲ್ಲಿ ನಮಗೊಂದು ಅನುಕೂಲವೂ ಇದೆ. ‘ಓದ್ತೀನಿ’ ಅಂದರೆ ದಿನಾ ಓದುತ್ತೇನೆ ಎಂದೂ ಆಗುತ್ತದೆ, ಮುಂದೆ ಓದುತ್ತೇನೆ ಎಂದೂ ಆಗುತ್ತದೆ. ಮುಂದಕ್ಕೆ ಹಾಕುವವರಿಗೂ ಅದೇ ಪದ ಒದಗುತ್ತದೆ. ಹೊತ್ತು ಸೇರಿಸಿದರೆ ಮಾತ್ರ ಅದು ಕೆಲಸಕ್ಕೆ ಬರುತ್ತದೆ.

ಈಗ ಹೊಸ್ತಿಲ ಮಾತು. ತರಬೇತಿಗೆ ಬಾರಮ್ಮ ಎಂದು ಕರೆದರೆ ನಮ್ಮಲ್ಲಿ ಮೊದಲ ಉತ್ತರ: ‘ನಮ್ಮ ಯಜಮಾನರನ್ನ ಕೇಳಿ ಹೇಳ್ತೀನಿ.’ ಆ ಯಜಮಾನರು ತಾಲ್ಲೂಕು ಆಫೀಸಿಗೆ ಹೋಗುವಾಗ, ಬೆಂಗಳೂರಿಗೆ ಹೋಗುವಾಗ ಏನು ಮಾಡುತ್ತಾರೆ? ಹೇಳಿ ಹೋಗುತ್ತಾರೆ, ಅಥವಾ ಹೇಳದೆ ಹೋಗುತ್ತಾರೆ. ಕೇಳಿ ಹೋದವರನ್ನು ನಾನು ಕಂಡಿಲ್ಲ. ‘ಕೇಳಿ ಹೇಳ್ತೀನಿ’ ಅನ್ನುವುದನ್ನು ‘ಮನೇಲಿ ಹೇಳಿ ಬರ್ತೀನಿ’ ಎಂದು ಮಾಡಿದರೆ ಯಾರಿಗೂ ಅಗೌರವವಾಗುವುದಿಲ್ಲ. ಗಂಡನಿಗೆ ಗೊತ್ತಿಲ್ಲದೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ತಿಳಿಸುವುದು ಬೇರೆ, ಅಪ್ಪಣೆ ಬೇಡುವುದು ಬೇರೆ. ಮನೆಯಲ್ಲಿ ಎಷ್ಟೋ ಸಲ ಅವರು ಬೇಡ ಅನ್ನುವ ಮೊದಲೇ ನಾವು ಅವರ ಪರವಾಗಿ ಬೇಡ ಅಂದಿರುತ್ತೇವೆ.

ಈ ‘ಯಜಮಾನ’ ಎಂಬ ಪದವನ್ನೇ ತೆಗೆದುಕೊಳ್ಳಿ. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಪಡಿತರ ಚೀಟಿಯ ಮಟ್ಟಿಗೆ ಹದಿನೆಂಟು ತುಂಬಿದ ಹಿರಿಯ ಹೆಂಗಸೇ ಕುಟುಂಬದ ಮುಖ್ಯಸ್ಥೆ. 2023ರ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಶುರುವಾದಾಗ ತಿಂಗಳಿಗೆ 2,000 ರೂಪಾಯಿ ಬಂದದ್ದು ‘ಮನೆಯ ಯಜಮಾನಿ’ಯ ಖಾತೆಗೆ. ಸರ್ಕಾರದ ಕಾಗದದಲ್ಲಿ ನಾವು ಯಜಮಾನಿಯರು. ಆ ಹಣ ತೆಗೆಯಲು ಬ್ಯಾಂಕಿಗೆ ಹೋಗಬೇಕಾದರೆ ‘ಯಜಮಾನರನ್ನ ಕೇಳಿ ಹೇಳ್ತೀನಿ’! ನಗಬೇಡಿ, ನಾನೂ ಹಾಗೇ ಹೇಳಿದ್ದೇನೆ. ಕಾಗದಕ್ಕೆ ಬಂದ ಪದ ನಾಲಿಗೆಗೆ ಬರಲು ಸಮಯ ಹಿಡಿಯುತ್ತದೆ.

ಇಷ್ಟು ಹೊತ್ತು ಓದು, ಹೊಲಿಗೆ, ದುಡ್ಡಿನ ಗುರಿಗಳ ಬಗ್ಗೆ ಹೇಳಿದೆ. ಇನ್ನೊಂದು ಗುರಿ ಇದೆ, ಅದನ್ನು ಯಾರೂ ಗುರಿ ಎಂದು ಕರೆಯುವುದಿಲ್ಲ. ಏಟಿಲ್ಲದೆ ಬಾಳುವುದು. ಅಲ್ಲಿ ನಮ್ಮ ಭಾಷೆ ಏನು ಮಾಡುತ್ತಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

‘ನೆನ್ನೆ ರಾತ್ರಿ ಒಂದೆರಡು ಏಟು ಬಿತ್ತು’ ಅನ್ನುತ್ತೇವೆ. ಮಳೆ ಬಿತ್ತು ಅನ್ನುವ ಹಾಗೆ! ಏಟು ಎಲ್ಲಿಂದ ಬಿತ್ತು? ಆಕಾಶದಿಂದಲೇ? ಆ ವಾಕ್ಯದಲ್ಲಿ ಏಟಿದೆ, ಹೊಡೆದವನಿಲ್ಲ. ‘ಹೊಡೆಸಿಕೊಂಡಳು’ ಅನ್ನುತ್ತೇವೆ. ಅದರಲ್ಲಂತೂ ಅವಳೇ ಏನೋ ಮಾಡಿ ಏಟು ಸಂಪಾದಿಸಿದ ಹಾಗಿದೆ. ‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎಂಬ ಗಾದೆ ಎಲ್ಲರ ಬಾಯಲ್ಲೂ ಇದೆ. ಜಗಳ ಅಂದರೆ ಇಬ್ಬರು ಆಡುವುದು. ಒಬ್ಬ ಹೊಡೆದು ಒಬ್ಬಳು ತಿಂದರೆ ಅದು ಹೇಗೆ ಜಗಳವಾಗುತ್ತದೆ? ಇನ್ನು ‘ಹೊಂದಿಕೊಂಡು ಹೋಗು’. ಎಲ್ಲಿಯವರೆಗೆ ಹೋಗಬೇಕು ಎಂದು ಆ ಮಾತಿನಲ್ಲಿ ಇಲ್ಲ.

ಇದರಿಂದ ಏನು ನಷ್ಟ ಎಂದರೆ, ಹೊಡೆದವನನ್ನು ವಾಕ್ಯದಿಂದ ಬಿಟ್ಟವಳಿಗೆ ‘ಇನ್ನು ಅವನು ಹೊಡೆಯಬಾರದು’ ಎಂಬ ವಾಕ್ಯವೂ ಬಾಯಿಗೆ ಬರುವುದಿಲ್ಲ. ‘ಏಟು ಬೀಳದಿರಲಿ ದೇವರೇ’ ಎಂಬ ಹರಕೆಯಷ್ಟೇ ಉಳಿಯುತ್ತದೆ.

ಆಸ್ಪತ್ರೆಗೆ ಹೋದಾಗ ‘ಬಚ್ಚಲಲ್ಲಿ ಜಾರಿ ಬಿದ್ದೆ’ ಅನ್ನುತ್ತೇವೆ. ಡಾಕ್ಟರು ಅದನ್ನೇ ಬರೆದುಕೊಳ್ಳುತ್ತಾರೆ. ನಾಳೆ ಧೈರ್ಯ ತಂದುಕೊಂಡು ದೂರು ಕೊಟ್ಟರೆ, ಎದುರು ವಕೀಲರು ಮೊದಲು ತೆಗೆಯುವುದು ಆ ಚೀಟಿಯನ್ನೇ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ವಿಮೋಚನಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ, ಪೊಲೀಸ್ ದಾಖಲೆಗಳಲ್ಲಿ ಹೆಣ್ಣುಮಕ್ಕಳ ಸಾವುಗಳ ಬೆನ್ನು ಹತ್ತಿದರು. ಎಷ್ಟೋ ಸಾವುಗಳ ಮುಂದೆ ‘ಆಕಸ್ಮಿಕ’, ‘ಸ್ಟೌವ್ ಸಿಡಿದು’ ಎಂದೇ ಬರೆದಿತ್ತು. ಸ್ಟೌವ್ ಸಿಡಿಯಿತು, ಸೀರೆಗೆ ಬೆಂಕಿ ಹತ್ತಿತು, ಅವಳು ತೀರಿಕೊಂಡಳು. ಮೂರು ವಾಕ್ಯ, ಮನುಷ್ಯರು ಯಾರೂ ಇಲ್ಲ. ಸ್ಟೌವ್ ಏಕೆ ಯಾವಾಗಲೂ ಸೊಸೆಯ ಕೈಯಲ್ಲೇ ಸಿಡಿಯುತ್ತದೆ ಎಂದು ಕೇಳಿದ ಮೇಲೆ ತಾನೇ ಆ ಕಡತಗಳು ಮತ್ತೆ ತೆರೆದುಕೊಂಡದ್ದು.

ಕಾನೂನಿನಲ್ಲೂ ಪದ ಎಷ್ಟು ಮುಖ್ಯ ನೋಡಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೇಳುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು, ಕೊಡುವುದೂ ತಪ್ಪು. ಆದರೆ ಕೇಳದೆ ಕೊಟ್ಟ, ಪಟ್ಟಿ ಮಾಡಿದ, ಶಕ್ತಿಗೆ ಮೀರದ ಉಡುಗೊರೆಗೆ ವಿನಾಯಿತಿ ಇದೆ. ‘ನಮಗೇನೂ ಬೇಡಮ್ಮ, ನಿಮ್ಮ ಮಗಳಿಗೆ ನೀವು ಮಾಡಿ’ ಎಂಬ ಮಾತು ಎಲ್ಲಿಂದ ಬಂತು ಎಂದು ಈಗ ಗೊತ್ತಾಯಿತಲ್ಲ? ಕೇಳಿದ್ದನ್ನು ಕೇಳಲಿಲ್ಲ ಎಂದು ಮಾಡಲು. 1983ರಲ್ಲಿ ಬಂದ 498ಎ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ. ವರದಕ್ಷಿಣೆ ಸಾವಿನ 304ಬಿ ಈಗ 80ನೇ ಕಲಮು. ಸಂಖ್ಯೆ ಮರೆತರೂ ಚಿಂತೆಯಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯನ್ನು ಮಾತ್ರ ಮರೆಯಬೇಡಿ. ಅದರಲ್ಲಿ ಹೊಡೆತದ ಜೊತೆಗೆ ಬೈಗುಳವನ್ನೂ, ಮಗುವಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಹಂಗಿಸುವುದನ್ನೂ ಹಿಂಸೆ ಎಂದೇ ಬರೆದಿದ್ದಾರೆ. ‘ಮಾತಿಗೇನಮ್ಮ, ಮೈಗೆ ತಾಗುತ್ತಾ?’ ಅನ್ನುವವರಿಗೆ ಕಾನೂನೇ ಉತ್ತರ ಕೊಟ್ಟಿದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಇದರ ಸಂರಕ್ಷಣಾಧಿಕಾರಿ. ಅವರ ಮುಂದೆ ಹೇಳುವಾಗ ‘ಏಟು ಬಿತ್ತು’ ಎಂದು ಹೇಳಬೇಡಿ. ‘ಇಂಥ ದಿನ, ಇಂಥ ಹೊತ್ತಿನಲ್ಲಿ, ನನ್ನ ಗಂಡ ಇಂಥದ್ದರಿಂದ ಹೊಡೆದ, ಇಂಥವರು ನೋಡಿದರು’ ಎಂದು ಹೇಳಿ. ವರದಿ ಹಾಗೇ ಬರೆದಾಗಲೇ ನ್ಯಾಯಾಧೀಶರಿಗೆ ತಲುಪುವುದು. ಫೋನಿನಲ್ಲಿ ಸಹಾಯ ಬೇಕಾದರೆ 181, ಆ ಕ್ಷಣಕ್ಕೆ ಪೊಲೀಸರು ಬೇಕಾದರೆ 112.

ಆಗಲೇ ಬಿಟ್ಟ ಮಾತಿಗೆ ಬರುತ್ತೇನೆ. ‘ಗಟ್ಟಿಯಾಗಿ ಇಲ್ಲ ಅಂದರೆ ಎಲ್ಲ ಸರಿಹೋಗುತ್ತದೆ’ ಎಂದು ಕೇಳಿಸಿಕೊಂಡು ಯಾರೂ ಮನೆಗೆ ಹೋಗಬೇಡಿ. ಕುಡಿದು ಬಂದವನ ಎದುರು ರಾತ್ರಿ ಹತ್ತು ಗಂಟೆಗೆ ‘ದುಡ್ಡು ಕೊಡಲ್ಲ’ ಅಂದರೆ ಏನಾಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆಗ ‘ಇಲ್ಲಣ್ಣ, ಸಂಘದವರು ಬಿಡಲ್ಲ, ಪುಸ್ತಕದಲ್ಲಿ ಬರ್ದವ್ರೆ, ತೆಗೆಯೋಕಾಗಲ್ಲ’ ಎಂದು ಸಂಘದ ಮೇಲೆ ಹಾಕಿ ತಪ್ಪಿಸಿಕೊಂಡ ಒಬ್ಬ ತಂಗಿ ನಮ್ಮಲ್ಲೇ ಇದ್ದಾಳೆ. ಅವಳ ‘ಆಗಲ್ಲ’ ಗುರಾಣಿ. ಅವಳನ್ನು ಹೇಡಿ ಅಂದವರ ಜೊತೆ ನಾನು ಜಗಳ ಆಡಿದ್ದೇನೆ. ಹೊರಗೆ ಯಾರಿಗೆ ಯಾವಾಗ ಯಾವ ಮಾತು ಹೇಳಬೇಕು ಎಂಬುದು ಅವಳವಳ ಜಾಣತನ. ಒಳಗೆ, ತನಗೆ ತಾನೇ ಹೇಳಿಕೊಳ್ಳುವಾಗ ಮಾತ್ರ ‘ಇದು ನನ್ನ ದುಡ್ಡು, ಕೊಡಲ್ಲ’ ಎಂದು ಇರಲಿ. ಏಟು ತಿಂದವಳಿಗೆ ‘ನೀನು ಸರಿಯಾದ ಮಾತು ಆಡಲಿಲ್ಲ’ ಎಂದು ಹೇಳುವುದಕ್ಕೆ ನನ್ನ ಈ ಭಾಷಣವನ್ನು ದಯವಿಟ್ಟು ಬಳಸಬೇಡಿ. ತಪ್ಪು ಹೊಡೆದವನದು, ಅವಳ ವ್ಯಾಕರಣದ್ದಲ್ಲ.

ಒಬ್ಬಳೇ ಹೇಳುವ ‘ಇಲ್ಲ’ಕ್ಕೆ ಬೆನ್ನು ಬೇಕು. ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಎಂಬ ಊರಿದೆ. 1990ರ ದಶಕದ ಮೊದಲಿಗೆ ಅಲ್ಲಿನ ಹೆಂಗಸರು ಸಾಕ್ಷರತೆಯ ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದರು. ಪಾಠದ ಪುಸ್ತಕದಲ್ಲಿ ಹೆಂಗಸರು ಒಟ್ಟಾಗಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆ ಇತ್ತು. ಅದನ್ನು ಓದಿ ಅವರು ತಮ್ಮೂರಿನಲ್ಲೂ ಹಾಗೇ ಮಾಡಿದರು. ಅದು ಊರಿಂದೂರಿಗೆ ಹಬ್ಬಿ, 1993ರ ಅಕ್ಟೋಬರ್ 1ರಿಂದ ಆ ರಾಜ್ಯದಲ್ಲಿ ಸಾರಾಯಿ ನಿಂತಿತು. ಒಬ್ಬೊಬ್ಬಳೂ ಮನೆಯಲ್ಲಿ ‘ಕುಡಿಯಬೇಡಿ’ ಎಂದು ಎಷ್ಟು ವರ್ಷ ಅಂದಿದ್ದಳೋ! ‘ನಮ್ಮೂರಲ್ಲಿ ಮಾರೋಕೆ ಬಿಡಲ್ಲ’ ಎಂದು ಒಟ್ಟಿಗೆ ಅಂದಾಗ ಆದದ್ದು ಬೇರೆಯೇ.

ನಾವು ನಮ್ಮ ಸಂಘದಲ್ಲಿ ಮಾಡಿದ್ದು ಅಷ್ಟು ದೊಡ್ಡದಲ್ಲ. ಹಸು ಸಾಲ ತೀರಿದ ಮೇಲೆ ಒಂದು ದಿನ ಆ ಅಕ್ಕನೇ ಎದ್ದು ನಿಂತು, ‘ಪುಸ್ತಕದಲ್ಲಿ ಸುಳ್ಳು ಬರೆಸಿದೆ, ಇನ್ನು ಮೇಲೆ ಯಾರ ಕೈಲೂ ಬರೆಸಬೇಡಿ’ ಅಂದರು. ಅವತ್ತು ದೊಡ್ಡ ಗಲಾಟೆಯೇ ಆಯಿತು. ‘ಹಾಗಾದರೆ ಮದುವೆಗೆ ಸಾಲ ಯಾರಿಗೂ ಸಿಗಲ್ವಾ? ಬಡ್ಡಿಯವನ ಹತ್ತಿರ ಹೋಗಬೇಕಾ?’ ಎಂದು ಇಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮೂರು ವಾರ ಚರ್ಚೆ ನಡೆಯಿತು. ಊಟಕ್ಕೆ, ಬಟ್ಟೆಗೆ, ಚಪ್ಪರಕ್ಕೆ ಸಾಲ ಕೊಡುತ್ತೇವೆ, ಗಂಡಿನ ಕಡೆಗೆ ಕೊಡಲು ಕೊಡುವುದಿಲ್ಲ ಎಂದಾಯಿತು. ಬರೆಯುವಾಗ ನಾನು ಅಭ್ಯಾಸಬಲದಿಂದ ‘ತೀರ್ಮಾನಿಸಲಾಯಿತು’ ಎಂದು ಬರೆದೆ. ಯಾರೋ ಓದಿಸಿ ಕೇಳಿ, ‘ಯಾರು ತೀರ್ಮಾನಿಸಿದ್ದು? ನಾವು ತಾನೇ?’ ಅಂದರು. ಅದನ್ನು ಹೊಡೆದು ಹಾಕಿ ‘ನಾವು ವರದಕ್ಷಿಣೆಗೆ ಸಾಲ ಕೊಡುವುದಿಲ್ಲ’ ಎಂದು ಬರೆದೆ. ಪುಟ ಸ್ವಲ್ಪ ಗಲೀಜಾಗಿದೆ. ಆಡಿಟ್‌ಗೆ ಬಂದವರು ಏಕಮ್ಮ ಇಷ್ಟು ಹೊಡೆದು ಹಾಕಿದ್ದೀರಿ ಎಂದು ಕೇಳಿದರು. ಈಗ ಪ್ರತಿ ಸಭೆಯಲ್ಲಿ ಇಷ್ಟವಿದ್ದವರು ಒಂದು ಮಾತು ಬರೆಸುತ್ತಾರೆ: ಏನು, ಯಾವ ದಿನ, ಎಷ್ಟು ಹೊತ್ತಿಗೆ. ಮುಂದಿನ ವಾರ ಅದನ್ನು ಓದುತ್ತೇವೆ. ಆಗದಿದ್ದರೆ ದಂಡ ಇಲ್ಲ. ಏಕೆ ಆಗಲಿಲ್ಲ ಎಂದು ಕೇಳುತ್ತೇವೆ. ಎಷ್ಟೋ ಸಲ ‘ಮೈಗಳ್ಳತನ’ ಎಂಬ ಉತ್ತರ ಬರುತ್ತದೆ. ಕೆಲವು ಸಲ ಅವಳು ಸುಮ್ಮನೆ ತೋಳು ತೋರಿಸುತ್ತಾಳೆ. ಆವತ್ತಿನ ಸಭೆ ಬೇರೆ ದಾರಿ ಹಿಡಿಯುತ್ತದೆ.

ಆ ಅಕ್ಕನ ಎರಡನೇ ಮಗಳ ವಿಷಯ ಹೇಳಿ ನಿಲ್ಲಿಸುತ್ತೇನೆ. ಆ ಹುಡುಗಿ ಪಿಯುಸಿ ಮುಗಿಸಿ ದೊಡ್ಡಬಳ್ಳಾಪುರದ ಕಡೆ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ. ಹೋದ ವರ್ಷ ಸಂಬಂಧ ಬಂತು. ಮಾತುಕತೆಗೆ ಸಂಘದಿಂದ ನಾವು ನಾಲ್ವರು ಹೋಗಿ ಮೂಲೆಯಲ್ಲಿ ಕೂತಿದ್ದೆವು. ‘ನಮಗೇನೂ ಬೇಡಮ್ಮ...’ ಶುರುವಾಯಿತು. ಅಕ್ಕ ಪೂರ್ತಿ ಕೇಳಿಸಿಕೊಂಡು, ‘ಬೇಡ ಅಂದಿದ್ದು ಒಳ್ಳೇದಾಯ್ತು. ನಾವೂ ಕೊಡಲ್ಲ’ ಅಂದರು. ದಲ್ಲಾಳಿ ನಕ್ಕು, ‘ಕಷ್ಟ ಇದ್ದರೆ ಹೇಳಮ್ಮ, ನಿಧಾನವಾಗಿ’ ಎಂದ. ‘ಕಷ್ಟ ಏನಿಲ್ಲ, ಕೊಡಲ್ಲ’ ಅಂದರು. ಕಾಫಿ ಕುಡಿದು ಅವರು ಎದ್ದು ಹೋದರು. ಮತ್ತೆ ಬರಲಿಲ್ಲ.

ಊರಲ್ಲಿ ‘ಏನು ಜಂಬ’ ಅಂದರು. ಹುಡುಗಿಗೆ ಇಪ್ಪತ್ತನಾಲ್ಕು. ಇನ್ನೂ ಮದುವೆ ಆಗಿಲ್ಲ. ಅಕ್ಕ ಒಮ್ಮೊಮ್ಮೆ ಸಂಜೆ ನನ್ನ ಹತ್ತಿರ ಬಂದು ಕೂತು, ‘ನಾನು ಅವತ್ತು ಸರಿಯಾಗಿ ಅಂದೆನಾ?’ ಎಂದು ಕೇಳುತ್ತಾರೆ. ನಾನು ಹೂಂ ಅನ್ನುತ್ತೇನೆ. ಆದರೂ ಇನ್ನೊಂದು ವಾರಕ್ಕೆ ಮತ್ತೆ ಕೇಳುತ್ತಾರೆ. ಹೋದ ತಿಂಗಳು ಆ ಹುಡುಗಿಯೇ ಸಂಘಕ್ಕೆ ಬಂದು ಸದಸ್ಯೆಯಾದಳು. ಮೊದಲ ವಾರದ ಪುಟದಲ್ಲಿ ಅವಳು ಬರೆಸಿದ್ದು: ‘ಪ್ರತಿ ತಿಂಗಳು ಸಂಬಳದ ದಿನ ಸಾವಿರ ರೂಪಾಯಿ ಹಸುವಿಗೆ ಅಂತ ಇಡುತ್ತೇನೆ.’ ಕೊಟ್ಟಿಗೆಯ ಸೂರು ರಿಪೇರಿ ಮಾಡಿಸುತ್ತಿದ್ದಾರೆ.

ಹೊತ್ತಾಯಿತು. ನಿಮ್ಮ ಸಂಘಗಳಲ್ಲಿ ಏನೇನು ಬರೆಯುತ್ತೀರಿ, ಈಗ ನೀವು ಹೇಳಿ.